ಶಾಯಿ ಒಣಗುವಷ್ಟು ಹೊತ್ತು

ನಮ್ಮ ಬೀದಿಯವರು ಅವಳ ಬಗ್ಗೆ ಒಂದು ಮಾತು ಹೇಳಿಕೊಂಡು ನಗುತ್ತಿದ್ದರು. ಅವಳ ಮನೆಗೆ ಕಳ್ಳ ನುಗ್ಗಿದರೆ ಅವಳು ಕೂಗಿಕೊಳ್ಳುವುದಿಲ್ಲವಂತೆ. "ಬಾಪ್ಪ, ಕೂತ್ಕೋ. ಯಾಕೆ ಈ ಕೆಲಸ ಹಿಡಿದೆ? ಕಿಟಕಿಯಿಂದ ಯಾಕೆ ಬಂದೆ, ಬಾಗಿಲಿಗೆ ಚಿಲಕವೇ ಇಲ್ವಲ್ಲ? ಮನೇಲಿ ಹೆಂಡತಿಗೆ ಏನಂತ ಹೇಳಿ ಹೊರಟೆ?" ಎಂದು ಒಂದೊಂದಾಗಿ ಕೇಳುತ್ತಾಳಂತೆ. ಕಳ್ಳ ಕೊನೆಗೆ ಕೈ ಮುಗಿದು, ತನ್ನ ಜೇಬಿನಲ್ಲಿದ್ದುದನ್ನೇ ಅಲ್ಲಿಟ್ಟು ಓಡಿಹೋಗುತ್ತಾನಂತೆ. ಹೀಗೆ ಹೇಳುವವರೇ ಮಾರನೆಯ ದಿನ ಹರಿದ ಜೇಬು, ಸಡಿಲವಾದ ಸೊಂಟಪಟ್ಟಿ ಹಿಡಿದುಕೊಂಡು ಅವಳ ಮೆಟ್ಟಿಲು ಹತ್ತುತ್ತಿದ್ದರು. ಹತ್ತಿ ಇಳಿಯುವಷ್ಟರಲ್ಲಿ ಯಾರಿಗೂ ಹೇಳಬಾರದೆಂದುಕೊಂಡಿದ್ದ ಮನೆಯ ಸಮಾಚಾರವನ್ನೆಲ್ಲ ಅಲ್ಲಿ ಸುರಿದು ಬಂದಿರುತ್ತಿದ್ದರು.

ಅವಳು ಬಟ್ಟೆ ಸರಿಮಾಡುವವಳು. ಹೊಸದನ್ನು ಹೊಲಿದದ್ದು ಕಡಿಮೆ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಅಣ್ಣನ ಕೋಟನ್ನು ತಮ್ಮನ ಮೈಗೆ ಒಗ್ಗಿಸುವುದು, ಇಂಥದ್ದು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ, ಪಕ್ಕದಲ್ಲಿ ಗೇಣಗಲದ ಅಡುಗೆಮನೆ. ಹೊರಗಿನಿಂದ ಹತ್ತುವ ಕಡಿದಾದ ಮೆಟ್ಟಿಲು. ಕೆಳಗಿನಿಂದ ಟ್ಯೂಬಿಗೆ ತೇಪೆ ಹಾಕುವ ಅಂಟಿನ ವಾಸನೆ ಮೇಲಕ್ಕೆ ಬರುತ್ತಿತ್ತು, ಮೇಲಿನಿಂದ ಹೊಲಿಗೆ ಯಂತ್ರದ ಕಟಕಟ ಕೆಳಕ್ಕೆ ಹೋಗುತ್ತಿತ್ತು. ಯಂತ್ರ ಕಿಟಕಿಗೆ ಒತ್ತಿಕೊಂಡಿತ್ತು, ಏಕೆಂದರೆ ಬೀದಿಯಲ್ಲಿ ಯಾರು ಎಲ್ಲಿಗೆ ಹೊರಟರು ಎಂಬುದು ಅವಳಿಗೆ ಬೇಕು. ಅಂಗಿಯ ಕಾಲರಿನಲ್ಲಿ ದಾರ ಪೋಣಿಸಿದ ಸೂಜಿಯೊಂದು ಸದಾ ಚುಚ್ಚಿಕೊಂಡಿರುತ್ತಿತ್ತು. ಸೂಜಿ ಚುಚ್ಚಿಕೊಂಡೇ ಹುಟ್ಟಿದವಳು ಎಂದು ಸೈಕಲ್ಲಿನವನು ಹಾಸ್ಯ ಮಾಡುತ್ತಿದ್ದ.

ಮಕ್ಕಳು ಅವಳಿಗೆ ಇಟ್ಟ ಹೆಸರು ಯಾಕತ್ತೆ. ಮಾತಿಗೆ ಮೊದಲು ಯಾಕೆ, ಮಾತಿಗೆ ಕೊನೆಗೂ ಯಾಕೆ. ಅವಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. "ಯಾಕೆ ಹಾಗೆ ಕರೀತೀರಿ?" ಎಂದು ಒಂದು ಸಲ ಕೇಳಿದಳು, ಅಷ್ಟೆ.

ಮೆಟ್ಟಿಲು ಹತ್ತಿದ ಕಡೆ ನಮ್ಮ ಬಾಗಿಲು ಅವಳ ಬಾಗಿಲಿಗೆ ಎದುರು. ನಡುವೆ ಇಬ್ಬರು ನಿಲ್ಲುವಷ್ಟು ಜಾಗ. ಸಂಜೆ ಕೆಲಸ ಮುಗಿದ ಮೇಲೆ ಅವಳೂ ನಮ್ಮಮ್ಮನೂ ಆ ಜಾಗದಲ್ಲಿ ಎರಡು ಮಣೆ ಹಾಕಿಕೊಂಡು ಕೂರುತ್ತಿದ್ದರು. ನಾನು ಹೇಳುತ್ತಿರುವುದರಲ್ಲಿ ಕಣ್ಣಾರೆ ಕಂಡದ್ದು ಕೊಂಚ, ಆ ಮಣೆಗಳ ಮೇಲಿಂದ ಕಿವಿಗೆ ಬಿದ್ದದ್ದೇ ಬಹಳ.

ಊರಿಗೆಲ್ಲ ಯಾಕೆ ಎಂದು ಕೇಳುತ್ತಿದ್ದವಳಿಗೆ ಒಂದು ಯಾಕೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವಳಿಗೆ ಒಬ್ಬಳೇ ಅಕ್ಕ. ನಮ್ಮ ಬೀದಿಯ ತುದಿಯಲ್ಲಿ ತಿರುಗಿದರೆ ನೀರಿನ ಟ್ಯಾಂಕು, ಅದರ ಹಿಂದೆ ಅಕ್ಕನ ಮನೆ. ಆ ಅಕ್ಕ ತಂಗಿಯ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಬಿಟ್ಟದ್ದು ಹೇಗೆ ಎಂದು ಬೀದಿಗೆಲ್ಲ ಗೊತ್ತು.

ಭಾವ ಗೋದಾಮೊಂದರಲ್ಲಿ ಗುಮಾಸ್ತರು. ಇಸ್ತ್ರಿ ಕೆಡದ ಮನುಷ್ಯ. ದಿನಾ ಬೆಳಿಗ್ಗೆ ಕೈಯಲ್ಲಿ ಊಟದ ಡಬ್ಬಿ ಹಿಡಿದು ಹೊರಟರೆ ಸಂಜೆಗೆ ವಾಪಸ್ಸು. ಒಂದು ದಿನ ಅವರೇ ಒಂದು ಪ್ಯಾಂಟು ತಂದು, ಹಿಂಭಾಗ ಸವೆದಿದೆ, ಸ್ವಲ್ಪ ನೋಡು, ಎಂದು ನಾದಿನಿಗೆ ಕೊಟ್ಟು ಹೋದರು. ಇವಳು ಬೆಳಕಿಗೆ ಹಿಡಿದು ನೋಡಿದಳು. ಸವೆದ ಜಾಗದಲ್ಲಿ ಅಡ್ಡಡ್ಡ ಗೆರೆಗಳು, ತೆಳುವಾದ ಹಸಿರು, ಒಂದಕ್ಕೊಂದು ಸಮ ದೂರ. ಕುರ್ಚಿಯ ಮೇಲೆ ಕೂತವರ ಪ್ಯಾಂಟು ಹಾಗೆ ಆಗುವುದಿಲ್ಲ. ಯಾಕೆ ಹೀಗೆ? ತಲೆಯೊಳಗೆ ಹುಳು ಹೊಕ್ಕಿತು.

ಆ ವಾರವೇ ಅಕ್ಕನ ಮನೆಯಲ್ಲಿ ಊಟ. ಭಾವನ ಅಣ್ಣಂದಿರು, ಅವರ ಹೆಂಡಿರು, ಮೇಜಿನ ಸುತ್ತ ಜಾಗವಿಲ್ಲದಷ್ಟು ಜನ. ನಡುವೆ ನಗು, ಗದ್ದಲ. ಇವಳು ಮೇಜಿನ ಆ ಕಡೆಯಿಂದ ಕೂಗಿ ಕೇಳಿದಳು: "ಭಾವ, ನಿಮ್ಮ ಆಫೀಸಲ್ಲಿ ಹಸಿರು ಪಟ್ಟಿ ಹೊಡೆದ ಬೆಂಚು ಹಾಕಿಸಿದಾರಾ? ಯಾಕೆ, ಕುರ್ಚಿ ಏನಾದ್ವು?"

ಭಾವನ ಕೈ ತಟ್ಟೆಯ ಮೇಲೆ ನಿಂತಿತು. ಅವರ ದೊಡ್ಡಣ್ಣ ಹೊಟ್ಟೆ ಹಿಡಿದು ನಕ್ಕ. "ಬೆಂಚಾ? ನಮ್ಮ ಪಾರ್ಕಿಗೆ ಹೋದ ತಿಂಗಳು ಹಸಿರು ಬಳಿದ್ರಲ್ಲ, ಅದೇ ಇರಬೇಕು! ಏನೋ ತಮ್ಮ, ಪಾರ್ಕಲ್ಲಿ ಕೆಲಸ ಸಿಕ್ಕಿತೇನೋ?" ಎಲ್ಲರೂ ನಕ್ಕರು. ಭಾವ ನಗಲಿಲ್ಲ. ನಗು ಒಬ್ಬೊಬ್ಬರ ಮುಖದಿಂದಲೂ ಇಳಿಯಿತು. ಗೋದಾಮಿನವರು ಅವರನ್ನು ತೆಗೆದುಹಾಕಿ ತಿಂಗಳುಗಳಾಗಿದ್ದವು. ಡಬ್ಬಿ ಹಿಡಿದು ಅವರು ಹೋಗುತ್ತಿದ್ದದ್ದು ಪಾರ್ಕಿಗೆ. ಅಣ್ಣಂದಿರು ಒಬ್ಬರ ಮೇಲೊಬ್ಬರು ಕೇಳಿ ಅದನ್ನು ಅಲ್ಲೇ, ತಟ್ಟೆಯಲ್ಲಿದ್ದದ್ದು ಆರುವ ಮೊದಲೇ, ಹೊರಗೆಳೆದರು.

ನೆಂಟರು ಹೋದ ಮೇಲೆ ಅಕ್ಕ ತಂಗಿಯ ಕೈಚೀಲವನ್ನು ತಂದು ಅವಳ ಎದೆಗೆ ಒತ್ತಿ, "ಹೊರಡು" ಎಂದಳು. ಅದೇ ಕೊನೆಯ ಮಾತು.

"ನಾನೇನು ತಪ್ಪು ಮಾಡಿದೆ ಹೇಳು?" ಎಂದು ಯಾಕತ್ತೆ ನಮ್ಮಮ್ಮನನ್ನು ಎಷ್ಟು ಸಲ ಕೇಳಿದಳೋ. "ಆ ಮನುಷ್ಯ ಅವಳಿಗೆ ಸುಳ್ಳು ಹೇಳ್ಕೊಂಡು ತಿರುಗ್ತಿದ್ರು. ನನ್ನಿಂದ ನಿಜ ಗೊತ್ತಾಯ್ತು. ಸುಳ್ಳು ಹೇಳಿದ ಗಂಡನ ಜೊತೆ ಸಂಸಾರ ಮಾಡ್ತಾಳೆ, ನಿಜ ತೋರಿಸಿದ ತಂಗಿ ಮುಖ ನೋಡಲ್ಲ. ಯಾಕೆ?"

"ಮರ್ಯಾದೆ ಹೋಯ್ತಲ್ಲೇ, ನಾಲ್ಕು ಜನರ ಮುಂದೆ."

"ಅದಕ್ಕೆ ಒಂದು ವರ್ಷ ಸಿಟ್ಟು ಸಾಕಲ್ವಾ? ಭಾವನಿಗೆ ಬೇರೆ ಕೆಲಸವೂ ಸಿಕ್ತು. ಇನ್ನೂ ಯಾಕೆ?"

ಬಾಗಿಲು ತಟ್ಟಿ ನೋಡಿದಳು, ತೆರೆಯಲಿಲ್ಲ. ಬೀದಿಯಲ್ಲಿ ಎದುರಾದರೆ ಅಕ್ಕ ಆ ಬದಿಗೆ ದಾಟುತ್ತಿದ್ದಳು. ಅಂಗಡಿಯಲ್ಲಿ ಸಿಕ್ಕರೆ ತೂಕಕ್ಕೆ ಹಾಕಿದ್ದನ್ನು ಹಾಗೇ ಬಿಟ್ಟು ಹೊರಟುಬಿಡುತ್ತಿದ್ದಳು.

ಹೀಗಿರುವಾಗ ಚುನಾವಣೆ ಬಂತು. ಮತಗಟ್ಟೆಗೆ ಒಂದು ದಿನದ ಕೆಲಸಕ್ಕೆ ಜನ ಬೇಕು, ದಿನದ ಕೂಲಿ ಕೈಮೇಲೆ ಕೊಡುತ್ತೇವೆ ಎಂದು ಶಾಲೆಯ ಗೇಟಿಗೆ ಕಾಗದ ಅಂಟಿಸಿದರು. ಯಾಕತ್ತೆ ಹೆಸರು ಕೊಟ್ಟು ಬಂದಳು. ಕಾಲಿನಿಂದ ತುಳಿದು ತುಳಿದು ಅವಳ ಮಂಡಿ ಹೋಗಿತ್ತು. ಯಂತ್ರಕ್ಕೊಂದು ಮೋಟಾರು ಹಾಕಿಸುವ ಆಸೆ.

ನಮ್ಮಮ್ಮ ಬಿದ್ದು ಬಿದ್ದು ನಕ್ಕಳು. "ನಿನ್ನನ್ನಾ? ಅದು ಗುಟ್ಟಿನ ಮತದಾನ ಕಣೇ! ಪರದೆ ಹಿಂದೆ ಹೋಗಿ, ಯಾಕಪ್ಪ ಇವನಿಗೆ ಒತ್ತಿದೆ ಅಂತ ಕೇಳ್ತೀಯ."

ಆ ಭಯ ನಮ್ಮಮ್ಮನಿಗೆ ಮಾತ್ರ ಇದ್ದದ್ದಲ್ಲ. ಮತಗಟ್ಟೆಯ ಮುಖ್ಯಸ್ಥೆ ಅದೇ ಶಾಲೆಯ ಗಣಿತದ ಮೇಡಂ. ಹಿಂದಿನ ದಿನ ತರಬೇತಿಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿಕೊಡುವಾಗ ಯಾಕತ್ತೆ ಕೈ ಎತ್ತಿದ್ದು ಇಳಿಸಲೇ ಇಲ್ಲ. ತೋರುಬೆರಳು ಇಲ್ಲದವರು ಬಂದರೆ? ಶಾಯಿ ಯಾಕೆ ಎಡಗೈಗೇ? ಬೀಗ ಹಾಕಿದ ಪೆಟ್ಟಿಗೆಯೊಳಗೆ ಇಲಿ ಹೊಕ್ಕರೆ ಅದರ ಹೊಣೆ ಯಾರದು? ಮೇಡಂ ಮುಂದಿದ್ದ ಚಹಾ ಕೆನೆಗಟ್ಟಿತು. ಕೊನೆಗೆ ಅವರು ಚಾಕ್‌ಪೀಸು ಕೆಳಗಿಟ್ಟು ಹೇಳಿದರು: "ನೋಡಮ್ಮ, ನಾಳೆ ನಿನ್ನದು ಶಾಯಿ ಹಚ್ಚೋ ಕೆಲಸ. ನಿನಗೆ ಇರೋದು ಎರಡೇ ಮಾತು. 'ಎಡಗೈ ಕೊಡಿ' ಅನ್ನೋದು ಒಂದು. 'ಒಣಗಲಿ, ನಿಲ್ಲಿ' ಅನ್ನೋದು ಇನ್ನೊಂದು. ಮತ ಹಾಕೋಕೆ ಬಂದವರ ಹತ್ತಿರ ಮೂರನೇ ಮಾತು ಆಡಿದ್ಯೋ, ಕೆಲಸ ಅಲ್ಲಿಗೆ ಮುಗೀತು. ಮತ್ತೆ ಈ ಗೇಟು ದಾಟೋ ಹಾಗಿಲ್ಲ."

"ಯಾ..." ಎಂದಳು ಯಾಕತ್ತೆ. ಮೇಡಂ ನೋಡಿದರು. ಬಾಯಿ ಮುಚ್ಚಿತು.

ಮಾರನೆಯ ದಿನ ಒಂದನೇ ತರಗತಿಯ ಕೋಣೆಯೇ ಮತಗಟ್ಟೆ. ಗೋಡೆಯ ಮೇಲೆ ಮಕ್ಕಳು ಬರೆದ ಮೀನು, ಆನೆ. ಮೊದಲ ಮೇಜಿನಲ್ಲಿ ನಿವೃತ್ತ ಅಂಚೆಯಣ್ಣ ಬಂದವರ ಹೆಸರನ್ನು ಗಟ್ಟಿಯಾಗಿ ಕೂಗುವವನು. ಎರಡನೆಯದರಲ್ಲಿ ಶಾಯಿ ಸೀಸೆ, ಕಡ್ಡಿ, ಒಂದು ಬಟ್ಟೆಚೂರು, ಮತ್ತು ಯಾಕತ್ತೆ. ಮೂರನೆಯದರಲ್ಲಿ ಮತಪತ್ರ ಹಿಡಿದು ಮೇಡಂ. ಗೋಡೆಗೆ ಒರಗಿದ ಬೆಂಚಿನಲ್ಲಿ ಎರಡು ಪಕ್ಷದ ಇಬ್ಬರು ಏಜೆಂಟರು, ಒಬ್ಬ ಉದ್ದ, ಒಬ್ಬ ಗಿಡ್ಡ. ಮಕ್ಕಳ ಬೆಂಚಾದ್ದರಿಂದ ಉದ್ದನೆಯವನ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬುದರಿಂದ ಹಿಡಿದು ಅವರಿಬ್ಬರಿಗೆ ಯಾವುದರಲ್ಲೂ ಒಮ್ಮತ ಇರಲಿಲ್ಲ.

ಕ್ರಮ ಏನೆಂದರೆ, ಬೆರಳನ್ನು ಬಟ್ಟೆಯಿಂದ ಒರೆಸಬೇಕು. ಉಗುರಿಗೂ ಚರ್ಮಕ್ಕೂ ಸೇರಿ ಒಂದು ಗೆರೆ ಎಳೆಯಬೇಕು. ಗೆರೆ ಒಣಗುವ ತನಕ ಆ ಬೆರಳನ್ನು ಹಿಡಿದುಕೊಂಡೇ ಇರಬೇಕು, ಬಿಟ್ಟರೆ ಯಾರಾದರೂ ಒರೆಸಿಕೊಂಡುಬಿಡುತ್ತಾರೆ. ಹೀಗಾಗಿ ಊರಿನ ಬೆರಳುಗಳೆಲ್ಲ ಅವತ್ತು ಅವಳ ಕೈಯೊಳಗೆ ಬಂದು ಹೋದವು. ರೊಟ್ಟಿ ಅಂಗಡಿಯವನ ತುದಿ ಸುಟ್ಟ ಬೆರಳು. ಗಾರೆಯವನ ಬೆರಳು, ಅದಕ್ಕೆ ಶಾಯಿಯೇ ಹಿಡಿಯದು. ಮೊದಲ ಸಲ ಬಂದ ಹುಡುಗಿಯ ಉಗುರು ಕಚ್ಚಿದ ಬೆರಳು. ಒಬ್ಬ ಹೆಂಗಸಿನ ಕೈಯಲ್ಲಿ ಉಂಗುರದ ಬಿಳಿ ಗುರುತಿದೆ, ಉಂಗುರವಿಲ್ಲ. ಒಂದೊಂದು ಬೆರಳಿಗೂ ಒಂದೊಂದು ಯಾಕೆ ಗಂಟಲ ತನಕ ಬಂದು, ಅಲ್ಲೇ ಗುಟುಕಾಗಿ ಒಳಗಿಳಿಯಿತು. "ಎಡಗೈ ಕೊಡಿ. ಒಣಗಲಿ, ನಿಲ್ಲಿ."

ಮಧ್ಯಾಹ್ನ ಕಳೆದಿತ್ತು. ಅಂಚೆಯಣ್ಣ ಒಂದು ಹೆಸರು ಕೂಗಿದ. ಅದು ಅವಳ ಅಕ್ಕನ ಹೆಸರು.

ಅಕ್ಕ ಬಂದು ನಿಂತಳು. ಮುಖ ಗೋಡೆಯ ಮೇಲಿನ ಆನೆಯ ಕಡೆ. ಕೈ ಮಾತ್ರ ಮುಂದಕ್ಕೆ ಬಂತು. ತೋರುಬೆರಳಿನ ಬದಿಯಲ್ಲಿ ಒಂದು ಹಳೆಯ ಗಾಯದ ಕಲೆ ಇತ್ತು. ಚಿಕ್ಕವರಿದ್ದಾಗ ಅಮ್ಮ ಸೂಜಿ ಚುಚ್ಚಿಡುವ ಪುಟ್ಟ ದಿಂಬಿನೊಳಗೆ ಏನು ತುಂಬಿದ್ದಾರೆ ನೋಡಬೇಕೆಂದು ತಂಗಿ ಕತ್ತರಿ ಹಾಕಿದಾಗ, ತಡೆಯಲು ಬಂದ ಅಕ್ಕನಿಗೆ ತಾಗಿದ್ದು. ಯಾಕತ್ತೆ ಬೆರಳು ಒರೆಸಿದಳು. ಗೆರೆ ಎಳೆದಳು. "ಒಣಗಲಿ, ನಿಲ್ಲಿ" ಎಂದಳು. ಅಕ್ಕ ನಿಂತಳು. ಶಾಯಿ ಒಣಗಿತು. ಅಕ್ಕ ಹೋದಳು.

ಅವತ್ತು ಸಂಜೆ ಮಣೆಯ ಮೇಲೆ ಕೂತವಳು ಎಷ್ಟು ಹೊತ್ತಾದರೂ ಏನನ್ನೂ ಕೇಳಲಿಲ್ಲ. ನಮ್ಮಮ್ಮನೇ ಹೆದರಿ ಹಣೆ ಮುಟ್ಟಿ ನೋಡಿದಳು.

"ಕೈ ಹಿಡಿದಿದ್ದೆ ಕಣೇ" ಎಂದಳು ಯಾಕತ್ತೆ. "ಮನೇಲಿ ಬಾಗಿಲು ತೆಗಿಯಲ್ಲ. ಬೀದೀಲಿ ನಿಲ್ಲಲ್ಲ. ಅಲ್ಲಿ ನಿಲ್ಲಲೇಬೇಕು."

"ಮತ್ತೆ ಕೇಳಬೇಕಿತ್ತು!"

"ಕೇಳಿದ್ರೆ ಆಮೇಲೆ ಆ ಕೆಲಸ ಇರಲ್ಲ. ಆ ಕೆಲಸ ಇಲ್ಲದಿದ್ರೆ ಕೈ ಎಲ್ಲಿ ಹಿಡೀಲಿ?"

ಅಲ್ಲಿಂದ ಮುಂದೆ ಬೀದಿಯವರ ಬಾಯಿಗೆ ಹೊಸ ವಿಷಯ ಸಿಕ್ಕಿತು. ಯಾವ ಚುನಾವಣೆ ಬಂದರೂ ಯಾಕತ್ತೆ ಎಲ್ಲರಿಗಿಂತ ಮೊದಲು ಹೋಗಿ ಹೆಸರು ಕೊಡುತ್ತಿದ್ದಳು. ಚಿಲ್ಲರೆ ಆಸೆ ಎಂದರು ಕೆಲವರು. ಯಾರೋ ದೊಡ್ಡವರ ಗುಟ್ಟು ಹಿಡಿಯಲು ಹೋಗುತ್ತಾಳೆ ಎಂದರು ಇನ್ನು ಕೆಲವರು. ಸೈಕಲ್ಲಿನವನಂತೂ, ಮುಂದಿನ ಸಲ ಇವಳೇ ಚುನಾವಣೆಗೆ ನಿಲ್ಲುತ್ತಾಳೆ ನೋಡಿ ಎಂದು ಪಣ ಕಟ್ಟಲು ಬಂದ. "ದುಡ್ಡು ಬರುತ್ತಲ್ಲಪ್ಪ, ಮೋಟಾರಿಗೆ" ಎಂದು ಅವಳು ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಅದು ಸುಳ್ಳೂ ಅಲ್ಲ.

ಎರಡನೆಯ ಚುನಾವಣೆಯಲ್ಲಿ ಅಕ್ಕ ಬಂದಾಗ ಯಾಕತ್ತೆ ಕಡ್ಡಿಯನ್ನು ಸೀಸೆಯೊಳಗೆ ಎರಡು ಸಲ ಅದ್ದಿದಳು. ಶಾಯಿ ದಪ್ಪಗಿದ್ದರೆ ಒಣಗುವುದು ನಿಧಾನ. ಮೇಡಂ ಕನ್ನಡಕದ ಮೇಲಿಂದ ನೋಡಿ, "ಏನಮ್ಮ, ಗೋಡೆಗೆ ಬಣ್ಣ ಬಳೀತಿದ್ದೀಯಾ?" ಎಂದರು. ಯಾಕತ್ತೆ ಎರಡು ಮಾತಿನಲ್ಲಿ ಒಂದನ್ನು ಆಡಿದಳು: "ಒಣಗಲಿ, ನಿಲ್ಲಿ." ಅಕ್ಕ ಆನೆಯನ್ನು ನೋಡುತ್ತಲೇ ನಿಂತಿದ್ದಳು. ಆದರೆ ಬೆರಳು ಎಳೆದುಕೊಳ್ಳಲಿಲ್ಲ. ಇದನ್ನು ನಮ್ಮಮ್ಮನಿಗೆ ಹೇಳಿದಾಗ ಯಾಕತ್ತೆಯ ಮುಖದಲ್ಲಿ ಏನೋ ಹೊಳೆಯುತ್ತಿತ್ತು. "ಎಳ್ಕೋಬಹುದಿತ್ತು. ಎಳ್ಕೊಳ್ಳಲಿಲ್ಲ. ಯಾಕೆ?"

ಮೂರನೆಯ ಸಲ ಚುನಾವಣೆ ಬಂದದ್ದು ಚಳಿಯಲ್ಲಿ. ನಾನೂ ನಮ್ಮಮ್ಮನ ಜೊತೆ ಸಾಲಿನಲ್ಲಿದ್ದೆ, ಆದ್ದರಿಂದ ಇದು ಕಣ್ಣಾರೆ ಕಂಡದ್ದು. ನಮ್ಮ ಮುಂದೆ ನಾಲ್ಕಾರು ಜನ, ಅವರಲ್ಲಿ ಅವಳ ಅಕ್ಕ. ಮೈಮೇಲೆ ಬೂದು ಬಣ್ಣದ ಹಳೆಯ ಕೋಟು. ಒಳಗೆ ಕಿಟಕಿಯ ವಿಷಯದಲ್ಲಿ ಏಜೆಂಟರಿಬ್ಬರ ಜಗಳ ಆಗಲೇ ಜೋರಾಗಿತ್ತು. ಅಂಚೆಯಣ್ಣ ಹೆಸರು ಕೂಗಿದ. ಅಕ್ಕ ಹೋಗಿ ಎಡಗೈ ಚಾಚಿದಳು. ಯಾಕತ್ತೆ ಒರೆಸಿದಳು, ಕಡ್ಡಿಯನ್ನು ಎರಡು ಸಲ ಅದ್ದಿದಳು, ಗೆರೆ ಎಳೆದಳು. "ಒಣಗಲಿ, ನಿಲ್ಲಿ."

ಚಾಚಿದ ಆ ಕೈಯ ತೋಳಿನ ತುದಿಯಲ್ಲಿ ಒಂದು ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಈಗ ಬಿದ್ದೀತು, ಇನ್ನೊಂದು ಗಳಿಗೆಗೆ ಬಿದ್ದೀತು ಎನ್ನುವ ಹಾಗೆ.

ಬೇರೆ ಯಾರೇ ಆಗಿದ್ದರೂ ನೋಡಿ ಸುಮ್ಮನಿರುತ್ತಿದ್ದರು. ಆದರೆ ಹಗಲೂ ಇರುಳೂ ನೇತಾಡುವ ಗುಂಡಿಗಳ ನಡುವೆಯೇ ಬದುಕಿದವಳ ಕೈ ಅವಳನ್ನು ಕೇಳಿ ನಡೆಯುವುದಿಲ್ಲ. ಅದು ಕಾಲರಿಗೆ ಹೋಗಿ ಸೂಜಿ ಕಿತ್ತಿತು. ಸೂಜಿ ಗುಂಡಿಯ ಕಣ್ಣಿಗೆ ಹೊಕ್ಕಿತು. ಹಳೆಯ ದಾರದ ಚೂರನ್ನು ಉಗುರಿನಿಂದ ತೆಗೆಯುವಾಗ ಅವಳ ಕೈ ಒಂದು ಕ್ಷಣ ನಿಂತಿತು. ಮತ್ತೆ ನಡೆಯಿತು. ಮೇಲೆ, ಕೆಳಗೆ, ಮೇಲೆ, ಕೆಳಗೆ, ಬುಡಕ್ಕೆ ಸುತ್ತು, ಗಂಟು. ಬಗ್ಗಿ, ಅಕ್ಕನ ಮಣಿಕಟ್ಟಿನ ಹತ್ತಿರ ಬಾಯಿಟ್ಟು, ಹಲ್ಲಿನಿಂದ ದಾರ ಕಡಿದಳು. ಇಡೀ ಕೋಣೆ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು.

"ಏ ಏ ಏ! ಏನಿದು?" ಗಿಡ್ಡ ಏಜೆಂಟು ಬೆಂಚಿನಿಂದ ಹಾರಿ ನಿಂತ. "ಮೇಡಂ, ನೋಡಿ! ಹಸಿರು ದಾರ! ಮತದಾರರ ಕೈಗೆ ಹಸಿರು ದಾರ ಕಟ್ತಿದ್ದಾಳೆ! ಹಸಿರು ಇವರ ಪಕ್ಷದ ಬಣ್ಣ! ಇದು ಸನ್ನೆ!"

ಹಿಂದಿನ ದಿನ ಯಾರದೋ ಪರದೆ ಹೊಲಿದಿದ್ದಳು. ಸೂಜಿಯಲ್ಲಿ ಉಳಿದಿದ್ದದ್ದು ಆ ದಾರ.

ಉದ್ದನೆಯವನು ಮಂಡಿ ಬಿಡಿಸಿಕೊಂಡು ಏಳುವಷ್ಟರಲ್ಲಿ ಕೊಂಚ ತಡವಾಯಿತು. "ನಮ್ಮದು ಇಷ್ಟು ತಿಳಿ ಹಸಿರಲ್ಲ ರೀ, ನಮ್ಮದು ಗಾಢ!" ಎಂದ.

"ಹಸಿರು ಹಸಿರೇ!"

ಮೇಡಂ ಎದ್ದು ನಿಂತರು. "ಏನಮ್ಮ ಇದು? ಏನು ಮಾಡಿದೆ ನೀನು?"

ಯಾಕತ್ತೆಯ ಮುಖ ಬಿಳಿಚಿಕೊಂಡಿತ್ತು. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಅಕ್ಕನ ಬೆರಳು. ಹೇಳುವುದಕ್ಕೆ ನೂರು ಮಾತಿರುವವಳು ಬಾಯಿ ತೆರೆದಳು. ಹೊರಗೆ ಬಂದದ್ದು ಇಷ್ಟೆ: "ಒಣಗಲಿ... ನಿಲ್ಲಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಅಕ್ಕ ಆನೆಯ ಕಡೆಯಿಂದ ಮುಖ ತಿರುಗಿಸಿದಳು.

"ಕೂತ್ಕೊಳ್ಳಿ ನೀವಿಬ್ಬರೂ" ಎಂದಳು ಏಜೆಂಟರಿಗೆ. ದನಿ ಒರಟಾಗಿತ್ತು. "ಗುಂಡಿ ಬೀಳೋ ಹಾಗಿತ್ತು, ಹಾಕಿದಳು. ನನ್ನ ತಂಗಿ ಇವಳು. ಬಣ್ಣ ನೋಡ್ಕೊಂಡು ಹೊಲಿಯೋ ಬುದ್ಧಿ ಇವಳಿಗೆ ಹುಟ್ಟಿದಾಗಿಂದ ಇಲ್ಲ. ಎಲ್ಲಿ, ಯಾವಾಗ ಅನ್ನೋದೂ ಗೊತ್ತಾಗಲ್ಲ. ಸನ್ನೆಯಂತೆ ಸನ್ನೆ! ಸನ್ನೆ ಮಾಡೋಷ್ಟು ಗುಟ್ಟು ಇವಳ ಹೊಟ್ಟೇಲಿ ಯಾವತ್ತು ನಿಂತಿದೆ?"

ಗಿಡ್ಡನೆಯವನು ಕೂತ. ಅವನು ಕೂತದ್ದರಿಂದ ಉದ್ದನೆಯವನು ನಿಂತೇ ಇದ್ದ. ಅಕ್ಕ ಬೆರಳನ್ನು ಒಮ್ಮೆ ಊದಿಕೊಂಡು ಮುಂದಿನ ಮೇಜಿಗೆ ಹೋದಳು.

ಮೇಡಂ ಕೆಟ್ಟವರಲ್ಲ. ಹಾಗಂತ ನಿಯಮ ಬಿಡುವವರೂ ಅಲ್ಲ. ಯಾಕತ್ತೆಯನ್ನು ಶಾಯಿಯ ಮೇಜಿನಿಂದ ಎಬ್ಬಿಸಿ, ಬಾಗಿಲ ಹೊರಗೆ ಜನರ ಕೊಡೆ, ಚೀಲ ಕಾಯಲು ಕೂರಿಸಿದರು. ಸಂಜೆ ಕೂಲಿ ಕೊಡುವಾಗ ಮೆಲ್ಲಗೆ, "ಮುಂದಿನ ಸಲ ಹೆಸರು ಕೊಡಬೇಡಮ್ಮ, ನಾನು ತಗೊಳ್ಳೋಕಾಗಲ್ಲ" ಎಂದರು.

ಬೀದಿಯಲ್ಲಿ ಎರಡು ದಿನ ಅದೇ ಮಾತು. ಯಾಕತ್ತೆ ಕಿಟಕಿ ಮುಚ್ಚಿಕೊಂಡು ಹೊಲಿಯುತ್ತಿದ್ದಳು. "ಹೋಯ್ತು ಕಣೇ" ಎನ್ನುತ್ತಿದ್ದಳು ನಮ್ಮಮ್ಮನಿಗೆ. "ಒಂದು ಮಾತೂ ಕೇಳದೆ ಹೋಯ್ತು. ಕೇಳಿ ಕಳಕೊಂಡಿದ್ರೆ ಉತ್ತರವಾದ್ರೂ ಸಿಗ್ತಿತ್ತು. ಒಂದು ಗುಂಡಿಗೆ ಕಳಕೊಂಡೆ."

ಆ ವಾರ ಕಳೆಯುವ ಮೊದಲೇ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ನಮ್ಮಮ್ಮ ಬಾಗಿಲ ಸಂದಿಯಿಂದ ನೋಡಿದಳು, ನಾನು ನಮ್ಮಮ್ಮನ ಕಂಕುಳ ಕೆಳಗಿಂದ ನೋಡಿದೆ. ಬೂದು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಅಕ್ಕ ನಿಂತಿದ್ದಳು.

"ಬೂದು ಕೋಟಿಗೆ ಹಸಿರು ದಾರ ಹಾಕಿದ್ದೀಯಲ್ಲ, ನಾಚಿಕೆ ಆಗಲ್ವಾ? ಬಿಚ್ಚಿ ಸರಿಮಾಡು."

ಒಳಗೆ ನಡೆದದ್ದನ್ನು ಯಾಕತ್ತೆಯೇ ಆಮೇಲೆ ಹೇಳಿದಳು. ಒಮ್ಮೆ ಅಲ್ಲ, ಬಹಳ ಸಲ ಹೇಳಿದಳು. ಬೂದು ದಾರ ಹುಡುಕುವ ನೆಪದಲ್ಲಿ ಡಬ್ಬಿಯೆಲ್ಲ ಕೆದಕಿದಳಂತೆ. ಸಿಕ್ಕಿದ್ದನ್ನು ಮತ್ತೆ ಒಳಗೆ ಹಾಕಿ ಮತ್ತೆ ಹುಡುಕಿದಳಂತೆ. ಕೊನೆಗೆ ಕೇಳಿಯೇಬಿಟ್ಟಳು: "ಅಕ್ಕ, ಯಾಕೆ? ಸುಳ್ಳು ಹೇಳಿದ್ದು ಭಾವ. ನಿನಗೆ ಗೊತ್ತಿಲ್ಲದ್ದು ನನ್ನಿಂದ ಗೊತ್ತಾಯ್ತು. ನನ್ನ ಮೇಲೆ ಯಾಕೆ ಇಷ್ಟು ವರ್ಷ?"

ಅಕ್ಕ ಅಳತೆಯ ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ ಕೂತಳು.

"ನನಗೆ ಗೊತ್ತಿಲ್ಲ ಅಂತ ನಿನಗೆ ಯಾರು ಹೇಳಿದ್ರು?" ಎಂದಳು.

ಯಾಕತ್ತೆಯ ಕೈಯಿಂದ ದಾರದ ಉಂಡೆ ಜಾರಿ ಉರುಳಿಕೊಂಡು ಹೋಯಿತು.

"ಮೊದಲನೇ ವಾರವೇ ಗೊತ್ತಿತ್ತು. ಗೋದಾಮಿಂದ ಬಂದ್ರೆ ಅವರ ಮೈಗೆ ಗೋಣಿಚೀಲದ ವಾಸನೆ ಇರ್ತಿತ್ತು, ಅದು ನಿಂತುಹೋಯ್ತು. ಡಬ್ಬಿಯಲ್ಲಿ ಬ್ರೆಡ್ಡಿನ ಅಂಚು ಬಿಟ್ಟು ಬರೋ ಮನುಷ್ಯ, ಡಬ್ಬಿ ಖಾಲಿ ಬರೋಕೆ ಶುರುವಾಯ್ತು. ಹಿಂದೆ ಹೋಗಿ ನೋಡಿದೆ. ಬೆಂಚಿನ ಮೇಲೆ ಕೂತು ಪಾರಿವಾಳಕ್ಕೆ ಹಾಕ್ತಿದ್ರು. ಮಾರನೇ ದಿನದಿಂದ ಒಂದು ತುಂಡು ಜಾಸ್ತಿ ಇಟ್ಟೆ."

"ನೀನು... ಕೇಳಲೇ ಇಲ್ವಾ?"

"ಕೇಳಲಿಲ್ಲ. ಪ್ಯಾಂಟಿನ ಹಸಿರು ಉಜ್ಜಿ ಉಜ್ಜಿ ತೊಳೀತಿದ್ದೆ. ಒಂದಲ್ಲ ಒಂದು ದಿನ ತಾವಾಗೇ ಬಂದು ಹೇಳ್ತಾರೆ, ಆವಾಗ ನಾನು ಹೇಳಬೇಕಾದ ಮಾತೂ ಜೋಡಿಸಿ ಇಟ್ಕೊಂಡಿದ್ದೆ. ಅವರ ಬಾಯಿಂದ ಅದು ಬರಬೇಕಿತ್ತು, ನಮ್ಮ ಅಡುಗೆಮನೇಲಿ, ನಾವಿಬ್ಬರೇ ಇದ್ದಾಗ. ನೀನು ಅಷ್ಟು ಜನರ ಮಧ್ಯೆ ಅದನ್ನ ಕಿತ್ಕೊಂಡೆ. ಆಮೇಲೆ ಅವರು ಹೇಳೋದು ಏನಿತ್ತು? ನಾನು ಜೋಡಿಸಿಟ್ಟ ಮಾತು ಯಾರಿಗೆ ಹೇಳ್ಲಿ? ಇವತ್ತಿಗೂ ಅವರು ಹಸಿರು ಬೆಂಚು ಕಂಡ್ರೆ ದಾರಿ ಬದಲಾಯಿಸ್ತಾರೆ."

ಯಾಕತ್ತೆ ಎದ್ದು, ಉರುಳಿಹೋದ ಉಂಡೆಯನ್ನು ಮಂಚದ ಕೆಳಗಿಂದ ತೆಗೆದು, ಹಸಿರು ದಾರ ಬಿಚ್ಚಿ, ಬೂದು ದಾರದಲ್ಲಿ ಗುಂಡಿ ಹಾಕಿದಳು. ಕೋಟನ್ನು ಮಡಿಸಿ ಕೊಡುವಾಗ, "ಭಾವನಿಗೆ ಒಂದು ಪ್ಯಾಂಟು ಹೊಲಿದು ಕೊಡ್ಲಾ?" ಎಂದಳು. ಆ ಪ್ರಶ್ನೆಯಲ್ಲಿ ಮಾತ್ರ ಯಾಕೆ ಇರಲಿಲ್ಲ.

"ಅಳತೆ ತಗೋಬೇಕಾದ್ರೆ ಮನೆಗೆ ಬರಬೇಕಾಗುತ್ತೆ" ಎಂದಳು ಅಕ್ಕ. ಮೆಟ್ಟಿಲಿಳಿದು ಹೋದಳು.

ಹೋದಳು ಯಾಕತ್ತೆ, ಮುಂದಿನ ಭಾನುವಾರ, ಟೇಪು ಕೊರಳಿಗೆ ಹಾಕಿಕೊಂಡು. ಭಾವನ ಸೊಂಟ, ತೊಡೆ, ಉದ್ದ ಅಳೆದಳು. ಅಳೆಯುವಷ್ಟು ಹೊತ್ತೂ ತುಟಿ ಬಿಚ್ಚಲಿಲ್ಲ. ಭಾವನಿಗೇ ಗಾಬರಿಯಾಗಿ, "ಮೈ ಹುಷಾರಾಗಿದೆಯೇನಮ್ಮ?" ಎಂದು ಕೇಳಿದರಂತೆ. ಇವಳು ಟೇಪು ಸುತ್ತಿಕೊಳ್ಳುತ್ತಾ, "ಭಾವ, ತಪ್ಪಾಯ್ತು" ಎಂದಳಂತೆ. ಅವರು ಏನಕ್ಕೆ ಎಂದು ಕೇಳಲಿಲ್ಲ. "ಜೇಬು ಸ್ವಲ್ಪ ಆಳ ಇರಲಿ" ಎಂದರು.

ಮತಗಟ್ಟೆಯ ಕೂಲಿಯೆಲ್ಲ ಕೂಡಿ ಯಂತ್ರಕ್ಕೆ ಮೋಟಾರೂ ಬಂತು. ಬಂದಷ್ಟೇ ಬೇಗ ಹೋಯಿತು. ಅದು ಗುಂಯ್ ಎನ್ನುವಾಗ ಬಂದವರು ಹೇಳಿದ್ದು ಕೇಳಿಸುವುದಿಲ್ಲ ಎಂದು ಅವಳ ತಕರಾರು. "ಎಲ್ಲಾ ಹೇಳಿ ಮುಗಿಸೋ ಹೊತ್ತಿಗೆ ನಾನು ನಿಲ್ಲಿಸಿ 'ಏನು?' ಅಂತೀನಿ. ಅವರಿಗೆ ಎರಡನೇ ಸಲ ಹೇಳೋಕೆ ನಾಚಿಕೆ." ಸೈಕಲ್ಲಿನವನಿಗೇ ಮೋಟಾರು ಮಾರಿ, ಮತ್ತೆ ಕಾಲಲ್ಲಿ ತುಳಿಯಲು ಕೂತಳು. ಅವನು ಅದನ್ನು ಗಾಳಿ ಹಾಕುವುದಕ್ಕೆ ಜೋಡಿಸಿಕೊಂಡ.

ಆಮೇಲಿನ ವರ್ಷಗಳಲ್ಲಿ ಭಾವ ನಿದ್ದೆಯಲ್ಲೇ ಹೋದರು. ಯಾಕತ್ತೆಯ ಮಂಡಿ ಪೂರ್ತಿ ಕೈಕೊಟ್ಟಿತು. ಒಂದು ಸಲ ಕೆಳಗಿಳಿದರೆ ಹತ್ತುವುದು ಹೇಗೆ ಎಂದು ಯೋಚಿಸಿ ಇಳಿಯದೇ ಇರುತ್ತಿದ್ದಳು. ಅಕ್ಕನ ಮನೆ ನೆಲದ ಮೇಲೆ, ಒಂದೂ ಮೆಟ್ಟಿಲಿಲ್ಲ. "ಮುಂದಿನ ಕೋಣೆಗೆ ಕಿಟಕಿ ಇದೆ, ಬೀದಿ ಕಾಣುತ್ತೆ" ಎಂದು ಅಕ್ಕ ಹೇಳಿಕಳಿಸಿದಳು. ಅದಕ್ಕಿಂತ ಹೆಚ್ಚು ಕರೆಯುವುದು ಅಕ್ಕನಿಗೆ ಬರುವುದಿಲ್ಲ. ಅದಕ್ಕಿಂತ ಹೆಚ್ಚು ಇವಳಿಗೆ ಬೇಕಾಗಿಯೂ ಇರಲಿಲ್ಲ.

ಹೊರಡುವ ಹಿಂದಿನ ಸಂಜೆ ಮಣೆಗಳನ್ನು ಕೊನೆಯ ಸಲ ಹಾಕಿಕೊಂಡು ಇಬ್ಬರೂ ಕೂತರು. ನಮ್ಮಮ್ಮ, "ಇನ್ನಾದ್ರೂ ಕೇಳೋದು ಏನಾದ್ರೂ ಉಳಿದಿದೆಯೇನೇ ನಿನಗೆ?" ಎಂದು ರೇಗಿಸಿದಳು.

"ಒಂದಿದೆ" ಎಂದಳು ಯಾಕತ್ತೆ. ದನಿ ತಗ್ಗಿಸಿದಳು. "ಆ ದಿನ, ಮತಗಟ್ಟೇಲಿ. ಸವೆದು ಹರಿದ ದಾರದ ತುದಿ ಹತ್ತಿ ಥರ ಬಿಚ್ಕೊಂಡಿರುತ್ತೆ. ಆ ಗುಂಡಿ ದಾರ ಹಾಗಿರಲಿಲ್ಲ ಕಣೇ. ನುಣ್ಣಗಿತ್ತು. ಕತ್ತರಿ ತಾಗಿದ ತುದಿ. ಒಂದು ಎಳೆ ಮಾತ್ರ ಉಳಿಸಿ ಬಾಕಿ ಯಾರೋ ಕತ್ತರಿಸಿದ್ರು."

ನಮ್ಮಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ! ಹಾಗಾದ್ರೆ ಅವಳೇ... ಇಷ್ಟು ವರ್ಷ ಕೇಳಲಿಲ್ವಾ ನೀನು?"

ಯಾಕತ್ತೆ ಮಣೆ ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಸೈಕಲ್ಲಿನವನೂ ಅವನ ತಮ್ಮನೂ ಹೊಲಿಗೆ ಯಂತ್ರವನ್ನು ಹೊತ್ತು ಇಳಿಸಿದರು. ಗುಂಡಿಯ ಡಬ್ಬಿ, ಅಳತೆಯ ಕನ್ನಡಿ, ಎರಡು ಗಂಟು ಬಟ್ಟೆ ಹೋದವು. ಕೋಣೆಯಲ್ಲಿ ಕಿಟಕಿಯ ಹತ್ತಿರ ಯಂತ್ರದ ನಾಲ್ಕು ಕಾಲಿನ ಗುರುತು ಉಳಿದಿತ್ತು. ಅದನ್ನು ನೋಡಿದಳು, ಬಾಗಿಲೆಳೆದಳು. ಅಕ್ಕ ಕೆಳಗೆ ಬೂದು ಕೋಟು ಹಾಕಿಕೊಂಡು ನಿಂತಿದ್ದಳು. ಯಾಕತ್ತೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲ ಹತ್ತಿರ ಬಂದಾಗ ಅಕ್ಕ ಎಡಗೈ ಚಾಚಿದಳು. ಕೋಟಿನ ತೋಳಿನ ಗುಂಡಿ ಗಟ್ಟಿಯಾಗಿ ಕೂತಿತ್ತು. ಯಾಕತ್ತೆಯ ಕಣ್ಣು ಅದರ ಮೇಲೆಯೇ ನಿಂತಿತು.

"ಯಾಕೆ ಹಾಗೆ ನೋಡ್ತಿದ್ದೀಯ? ಏನೋ ಕೇಳಬೇಕು ಅನ್ನೋ ಮುಖ ನಿಂದು" ಎಂದಳು ಅಕ್ಕ.

ಮೇಲೆ ನಮ್ಮ ಬಾಗಿಲಲ್ಲಿ ನಮ್ಮಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು.

"ಏನಿಲ್ಲ" ಎಂದಳು ಯಾಕತ್ತೆ. ಚಾಚಿದ ಕೈ ಹಿಡಿದುಕೊಂಡು ಬೀದಿಗೆ ಇಳಿದಳು. "ನಡಿ."